ಎಂಬತ್ತಕ್ಕೆ ನಡುಗುವ ಗಾಡಿ

ಬಾಬಾಸಾಹೇಬನಿಗೆ ತನ್ನ ಕಿವಿಯ ಮೇಲೆ ಬಲು ಅಭಿಮಾನ. ಕಬ್ಬಿನ ಹೊಲದ ಬದುವಿನ ಮೇಲೆ ನಿಂತೇ ಪಂಪಿನ ಸಪ್ಪಳ ಕೇಳಿ ‘ಬೇರಿಂಗ್ ಹೋತು’ ಎನ್ನುತ್ತಿದ್ದ. ಟ್ರ್ಯಾಕ್ಟರ್ ಕೆಮ್ಮಿದರೆ ಅದರ ರೋಗ ಹೇಳುತ್ತಿದ್ದ. ಬಹಳ ಸಲ ಅವನು ಹೇಳಿದ್ದೇ ಖರೆಯಾಗುತ್ತಿತ್ತು, ತೊಂದರೆಯೇ ಅದು. ನಾಲ್ಕು ಸಲ ತಪ್ಪಿದ್ದರೆ ಮನುಷ್ಯ ಇನ್ನೊಬ್ಬರ ಮಾತನ್ನೂ ಕೇಳುತ್ತಿದ್ದ. ಏಕಸಂಬಿಯಲ್ಲಿ ನಾನು ಅವನ ಮಗ್ಗುಲ ಮನೆಯವನು. ಈ ಕಿವಿಯ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿವೆ.

ಕಾರು ಕೊಂಡದ್ದು ಐವತ್ತು ದಾಟಿದ ಮೇಲೆ. ಊರೊಳಗೆ ತಾನೇ ಓಡಿಸುತ್ತಾನೆ, ಹೈವೇ ಅಂದರೆ ಕೈಕಾಲು ತಣ್ಣಗಾಗುತ್ತವೆ. ಆಗ ತುಕಾರಾಮನಿಗೆ ಫೋನು. ತುಕಾರಾಮನಿಗೆ ಸ್ವಂತ ಗಾಡಿ ಇಲ್ಲ. ಮದುವೆ, ದವಾಖಾನೆ, ಯಡೂರಿನ ದರ್ಶನ ಅಂತ ಕರೆದವರ ಗಾಡಿ ಓಡಿಸಿ ಮನೆ ನಡೆಸುವವನು. ಮಾತು ಕಡಿಮೆ, ಬ್ರೇಕು ಮೆತ್ತಗೆ. ಕುಡಿಯುವುದು ಹಾಗಿರಲಿ, ಎಲೆ ಅಡಿಕೆ ಸಹ ಬಾಯಿಗೆ ಹಾಕದವನು. ಚಿಕ್ಕೋಡಿಯ ಒಂದು ಶಾಲೆಯವರು ತಮ್ಮ ವ್ಯಾನಿಗೆ ಅವನನ್ನು ಕಾಯಂ ತೆಗೆದುಕೊಳ್ಳುವ ಮಾತು ನಡೆಸಿದ್ದರು. ಅವನ ಹೆಂಡತಿ ಸುಗಂಧಾ ಆ ಸುದ್ದಿಯನ್ನು ಓಣಿಗೆಲ್ಲ ಹೇಳಿಯಾಗಿತ್ತು.

ಈ ಸಲ ಮಳೆ ಮುಗಿಯುವ ಹೊತ್ತಿಗೆ, ನಿಪ್ಪಾಣಿ ದಾಟಿ ಹೈವೇ ಹಿಡಿದಾಗ, ಗಾಡಿ ಎಂಬತ್ತಕ್ಕೆ ಬರುತ್ತಲೇ ಸ್ಟೇರಿಂಗು ಗಡಗಡ ನಡುಗಿತು. ಅರವತ್ತಕ್ಕೆ ಇಳಿಸಿದರೆ ತೆಪ್ಪಗಾಯಿತು. ಮತ್ತೆ ಎಂಬತ್ತು, ಮತ್ತೆ ನಡುಕ.

“ಗಾಲ್ಯಾಗ ಏನೋ ಐತ್ರಿ ಮಾಲಕರ. ಬಿಚ್ಚಿ ನೋಡೂಣು” ಎಂದ ತುಕಾರಾಮ.

ಬಾಬಾಸಾಹೇಬ ನಿಪ್ಪಾಣಿಯ ಗ್ಯಾರೇಜಿನ ಜಿನ್ನಪ್ಪನಿಗೆ ಫೋನು ಹಚ್ಚಿದ. ಆತ, “ಒಂದ ಸ್ಪೀಡಿಗೆ ನಡಗತೈತಿ ಅಂದ್ರ ಗಾಲಿ ತೂಕ ತಪ್ಪೇತ್ರಿ. ಟೈರ್ ಉಬ್ಬಿರಬೌದು, ಒಳಗ ಏನರೆ ಅಂಟಿರಬೌದು, ಎಲ್ಲೆರೆ ಬಡದು ರಿಮ್ ಬೆಂಡ್ ಆಗಿರಬೌದು. ತಗೊಂಡ ಬರ್ರಿ” ಎಂದ. ಮೂರರಲ್ಲಿ ನಮ್ಮ ಕಿವಿಯಪ್ಪನಿಗೆ ಕೇಳಿಸಿದ್ದು ಕಡೆಯದೊಂದೇ. ಗಾಡಿಯನ್ನು ಗ್ಯಾರೇಜಿಗೆ ಒಯ್ಯಲೇ ಇಲ್ಲ.

ಮರುದಿನ ಸರ್ಕಲ್ಲಿನ ಚಹಾದಂಗಡಿಯಲ್ಲಿ ಊರ ಮಂದಿ ಕೂತಿರುವಾಗಲೇ ಒದರಿದ: “ಲೇ ತುಕ್ಯಾ, ಗಾಡಿ ಎಲ್ಲಿ ಬಡದಿ ಹೇಳಲೇ! ಕುಡದ ಓಡಿಸಿದ್ರ ಇನ್ನೇನ ಆಗತೈತಿ?” ತುಕಾರಾಮ ಚಹಾದ ಗ್ಲಾಸು ಕೆಳಗಿಟ್ಟ, ಕೀಲಿಕೈ ಅದರ ಪಕ್ಕ ಇಟ್ಟ, ಎದ್ದು ಹೋದ. ಕೂತಿದ್ದ ನಾವೆಲ್ಲ, ಸಿಟ್ಟಿಗೆ ಬಾಯಿಗೆ ಬಂದದ್ದು ಅಂದ ಎಂದು ನಕ್ಕು ಬಿಟ್ಟೆವು. ಆದರೆ ಆ ಮಾತು ನಕ್ಕು ಬಿಡುವಂಥದ್ದಾಗಿರಲಿಲ್ಲ. ಡ್ರೈವರ್ ಕುಡುಕ ಅಂತ ಒಮ್ಮೆ ಹೆಸರಾದರೆ ಮುಗಿಯಿತು. ತುಕಾರಾಮನ ಫೋನು ಸುಮ್ಮನಾಯಿತು, ಮಾತು ಚಿಕ್ಕೋಡಿಯ ಶಾಲೆಗೂ ಮುಟ್ಟಿತು.

ಖಂಡೇ ನವಮಿಯ ಮುಂಜಾನೆ ಬಾಬಾಸಾಹೇಬನ ಹೆಂಡತಿ ರುಕ್ಮವ್ವ ಆಯುಧಪೂಜೆಗೆಂದು ಗಾಡಿ ತೊಳೆಯುತ್ತಿದ್ದಳು. ಅವಳು ದೇವರ ಪಾತ್ರೆಯ ತಳವನ್ನೂ ತಿಕ್ಕುವವಳು. ಗಾಲಿಯ ಒಳಮಗ್ಗುಲಿಗೆ ಕೈ ಹಾಕಿದಳು, ಕಳೆ ಕೀಳುವ ಖುರಪಿ ತರಿಸಿದಳು, ಕೆತ್ತಿದಳು. ಕಬ್ಬಿನ ಒಣಗರಿಯ ರವದಿ ಕಲಸಿಕೊಂಡು ಕಲ್ಲಿನಂತೆ ಒಣಗಿದ್ದ ಎರೆಮಣ್ಣಿನ ಹೆಂಟೆ ದೊಪ್ಪನೆ ಬಿತ್ತು.

“ಇದು ಹೊಳಿ ಮಗ್ಗಲ ನಮ್ಮ ಹೊಲದ ಮಣ್ಣಲ್ಲರಿ? ಗಾಡಿ ಯಾವಾಗ ಒಳಗ ಇಳಿಸಿದ್ರಿ?”

ಇಳಿಸಿದ್ದು ಅವನೇ. ಆ ನಡುಕ ಶುರುವಾಗುವ ಮುಂಚೆ, ದೊಡ್ಡ ಮಳೆಯೊಂದು ನಿಂತ ಎರಡನೇ ದಿನ, ಒಬ್ಬನೇ ಹೋಗಿ ಕೆಸರಿನಲ್ಲಿ ಗಾಡಿ ಹುಗಿಸಿ, ಟ್ರ್ಯಾಕ್ಟರಿನಿಂದ ಎಳೆಸಿ, ಹೆಂಡತಿ ಬೈದಾಳೆಂದು ದಾರಿಯಲ್ಲೇ ನೀರು ಹೊಡೆಸಿಕೊಂಡು ಬಂದಿದ್ದ. ಮೇಲೆಲ್ಲ ತಳಕು, ಒಳಗೆಲ್ಲ ಹುಳುಕು. ಪೂಜೆ ಮುಗಿದದ್ದೇ ನನ್ನನ್ನು ಕೂರಿಸಿಕೊಂಡು, ಎಂದೂ ಇಲ್ಲದ ಧೈರ್ಯ ಮಾಡಿ ಹೈವೇಗೆ ಹೋದ. ಎಂಬತ್ತು ಬಂತು. ಸ್ಟೇರಿಂಗು ಅಲುಗಲಿಲ್ಲ. ಬಾಬಾಸಾಹೇಬ ಗಾಡಿ ಬದಿಗೆ ತಂದು ನಿಲ್ಲಿಸಿದ.

“ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ ಹಾಕಿದಿ. ಈಗ ನೆಟ್ಟಗ ತುಕಾರಾಮನ ಮನಿಗೆ ನಡಿ” ಎಂದೆ.

“ನಾಳೆ ಬನ್ನಿ ಐತಲ್ಲ. ಬನ್ನಿ ಕೊಟ್ಟು ಬರ್ತೀನಿ, ಎಲ್ಲಾ ಸರಿ ಹೋಗತೈತಿ.”

ಅವನ ಲೆಕ್ಕ ನನಗೆ ತಿಳಿಯಿತು. ದಸರೆಯ ಸಂಜೆ ಬನ್ನಿ ಎಲೆ ಕೈಗಿಟ್ಟು ‘ಬಂಗಾರದ್ಹಂಗ ಇರೂಣು’ ಅಂದರೆ ವರ್ಷದ ಜಗಳಗಳೆಲ್ಲ ಬಾಯಿ ಬಿಡದೆ ತೀರಿಹೋಗುತ್ತವೆ. ‘ತಪ್ಪಾತು’ ಎಂಬ ಮಾತು ಅವನ ನಾಲಿಗೆಗೆ ಎಂದೂ ರೂಢಿಯಿಲ್ಲ. ನಾನೂ ಹೂಂ ಅಂದೆ, ನನಗೂ ಅದು ಸಲೀಸು ಅನ್ನಿಸಿತು.

ಮರುದಿನ ಸಂಜೆ ಹೊಸ ಧೋತರ ಉಟ್ಟು, ಮುಷ್ಟಿ ತುಂಬ ಬನ್ನಿ ಹಿಡಿದು ಹೋದೆವು. ತುಕಾರಾಮನ ಮನೆಯ ಬಾಗಿಲಿಗೆ ಪಂಚರಂಗಿ ಧ್ವಜ, ಒಳಗೆ ಬುದ್ಧನ ಫೋಟೋದ ಮುಂದೆ ಮೇಣಬತ್ತಿ. ಬಿಳಿ ಸೀರೆಯ ಸುಗಂಧಾ ಹೊರಗೆ ಬಂದಳು. ಬಾಬಾಸಾಹೇಬ ಎಲೆ ಚಾಚಿದ.

“ನಮ್ಮ ಮನ್ಯಾಗ ಬನ್ನಿ ಇಲ್ರಿ” ಎಂದಳು ಅವಳು. “ನಾವು ಬೌದ್ಧರು, ಇವತ್ತ ನಮಗ ಧಮ್ಮ ದೀಕ್ಷಾ ದಿನ. ಬರ್ರಿ, ಖೀರ ಕುಡೀರಿ.”

ಇಷ್ಟು ವರ್ಷ ಒಂದೇ ಊರಿನಲ್ಲಿದ್ದು ಇಷ್ಟು ಗೊತ್ತಿರಲಿಲ್ಲ ನಮಗೆ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಅವನಿಗೆ ತಿಳಿಯಲಿಲ್ಲ. ತುಕಾರಾಮ ಅವಳ ಹಿಂದೆ ಬಂದು ನಿಂತ. ಬಾಬಾಸಾಹೇಬ ನೆಲ ನೋಡುತ್ತ, “ಮಣ್ಣು ಹತ್ತಿತ್ತೋ ತುಕಾರಾಮ. ನಾನ ಹೊಲಕ್ಕ ಇಳಿಸಿದ್ನಿ. ತಪ್ಪಾತು” ಎಂದ.

“ಗಾಡಿ ಮಾತ ಬಿಡ್ರಿ” ಎಂದಳು ಸುಗಂಧಾ. “ಕುಡದಾನ ಅಂದ್ರಲ್ಲ, ಅದನ್ನ ಎಲ್ಲಿ ಅಂದ್ರಿ ಅಲ್ಲೇ ತಗೀರಿ. ಶಾಲಿಯವರ ಮುಂದೂ ಹೇಳ್ರಿ.”

ಬಾಬಾಸಾಹೇಬ ಹೇಳಿದ, ಅದನ್ನು ಇಲ್ಲ ಅನ್ನಲಾರೆ. ಸರ್ಕಲ್ಲಿನಲ್ಲಿ ಬನ್ನಿ ಹಂಚುತ್ತಿದ್ದ ಮಂದಿಯ ನಡುವೆ ನಿಂತು, “ತುಕಾರಾಮ ಕುಡಿಯಂಗಿಲ್ಲ. ನಾ ಸುಳ್ಳ ಅಂದಿದ್ನಿ” ಎಂದು ದೊಡ್ಡ ದನಿಯಲ್ಲೇ ಹೇಳಿದ. ಅಂದೇ ರಾತ್ರಿ ತುಕಾರಾಮನನ್ನು ಕರೆದುಕೊಂಡು ಚಿಕ್ಕೋಡಿಗೆ, ಶಾಲೆಯ ಚೇರಮನ್ನರ ಮನೆಗೆ. ಗಾಡಿ ಓಡಿಸಿದ್ದು ತುಕಾರಾಮನೇ. ಅವರು ಎಲ್ಲ ಕೇಳಿ ಹಣೆ ಒತ್ತಿಕೊಂಡರು.

“ಆ ಮಾತು ಖರೆ ಏನ ಸುಳ್ಳ ಏನ ಯಾರರೆ ಬಂದು ಹೇಳತಾರು ಅಂತ ನಿನ್ನಿ ಮಧ್ಯಾಹ್ನದ ತನಕ ಕಾದ್ವಿ. ಸಂಜಿಗೆ ಬೇರೆಯವರಿಗೆ ಮಾತ ಕೊಟ್ಟಬಿಟ್ವಿ. ನಿನ್ನಿ ಬಂದಿದ್ರ ಆಗತಿತ್ತಲ್ರಿ.”

ತಿರುಗಿ ಬರುವಾಗ ಬಾಬಾಸಾಹೇಬ, “ಒಂದ ಮಾತ ಬೈಯೋ ನನಗ” ಎಂದ. ತುಕಾರಾಮ ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿಕೈ ಅವನ ಕೈಗೇ ಕೊಟ್ಟು, ನಡೆದು ಹೋದ. ಊರಿನವರು ಈಗ ಮತ್ತೆ ಅವನನ್ನು ಬಾಡಿಗೆಗೆ ಕರೆಯುತ್ತಾರೆ. ಬಾಬಾಸಾಹೇಬನ ಫೋನಿಗೆ ಮಾತ್ರ ‘ಇವತ್ತ ಆಗಂಗಿಲ್ರಿ’ ಅನ್ನುತ್ತಾನೆ.

ಚಿಕ್ಕೋಡಿಯ ಆ ಶಾಲೆಯ ವ್ಯಾನು, ಬೇರೆ ಡ್ರೈವರನ ಕೈಯಲ್ಲಿ, ದಿನಾ ಮುಂಜಾನೆ ನಮ್ಮ ಓಣಿಯ ಮುಂದೆ ಹಾಯುತ್ತದೆ. ನನಗೆ ಅದು ಕಂಡ ಮೇಲೇ ಗೊತ್ತು. ಬಾಬಾಸಾಹೇಬನ ಕಿವಿ ಇನ್ನೂ ಚುರುಕು, ಹಿಂದಿನ ತಿರುವಿನಲ್ಲಿರುವಾಗಲೇ ತಿಳಿಯುತ್ತದೆ. ಚಹಾದ ಕಪ್ಪು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಎದ್ದು ಒಳಗೆ ಹೋಗುತ್ತಾನೆ.