ಸೇತುವೆಯ ಮೇಲೆ ಸಿಕ್ಕಿಬಿದ್ದ ಕೊನೆಯ ಡಬ್ಬಿ

ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಮಂಜು ಇನ್ನೂ ಕರಗಿಲ್ಲ. ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಪರಸಪ್ಪ, ಪುರವಣಿಗಳನ್ನು ಒಂದೊಂದಾಗಿ ಪೇಪರಿನೊಳಗೆ ಸೇರಿಸುತ್ತಿದ್ದಾರೆ. ಅರವತ್ತು ದಾಟಿದ ಬೆರಳುಗಳು ಚಳಿಗೆ ಮರಗಟ್ಟಿವೆ. ಆಗಾಗ ಬಾಯಿಯ ಬಿಸಿಯುಸಿರು ಊದಿಕೊಳ್ಳುತ್ತಾರೆ. ಆಮೇಲೆ ಸೈಕಲ್ ಹತ್ತಿ ಕಾಗದದ ಕಾರ್ಖಾನೆಯ ಕಾರ್ಮಿಕರ ಓಣಿಗಳಿಗೆ ಹೊರಡುತ್ತಾರೆ. ನೂರಕ್ಕೂ ಹೆಚ್ಚು ಮನೆ. ಮಳೆಗಾಲದಲ್ಲಿ ತಾವು ತೊಯ್ದರೂ ಪೇಪರ್ ತೊಯ್ಯಬಾರದು.

ಹೊಳೆಯ ಸೇತುವೆ ಹತ್ತಿರವಾಗುತ್ತಿದ್ದಂತೆ ಕಾರ್ಖಾನೆಯ ಸೈರನ್ ಕೂಗುತ್ತದೆ. ಪರಸಪ್ಪ ತಟ್ಟನೆ ಕಾಲು ಊರಿ ನಿಲ್ಲುತ್ತಾರೆ. ರಸ್ತೆ ಖಾಲಿಯೇ ಇದೆ. "ರೂಢಿ ರೀ," ಎಂದು ನಗುತ್ತಾರೆ. ಆ ನಗೆಯಲ್ಲಿ ಸಂತೋಷವಿಲ್ಲ.

ಪೇಪರ್ ಹಾಕುವ ಮುಂಚೆ ಅವರು ಸಿನೆಮಾದ ಡಬ್ಬಿ ಸಾಗಿಸುತ್ತಿದ್ದರು. ಆಗ ಊರಿನ ಟಾಕೀಸಿಗೂ ಹೊಳೆಯಾಚೆಯ ಸಣ್ಣ ಟಾಕೀಸಿಗೂ ಸೇರಿ ಒಂದೇ ಪ್ರಿಂಟು. ಇಲ್ಲಿ ಒಂದು ರೀಲು ಓಡಿ ಮುಗಿದರೆ ಅದನ್ನು ಡಬ್ಬಿಗೆ ಹಾಕಿ, ಸೈಕಲ್ಲಿಗೆ ಕಟ್ಟಿ ಆಚೆಗೆ ಮುಟ್ಟಿಸಬೇಕು. ಅಷ್ಟರಲ್ಲಿ ಇಲ್ಲಿ ಮುಂದಿನದು ಸಿದ್ಧ. ಪರದೆಯ ಮೇಲೆ ಕುದುರೆ ಓಡಿದರೆ, ಅದರ ಹಿಂದೆ ಪರಸಪ್ಪನ ಸೈಕಲ್ ಓಡಿರುತ್ತಿತ್ತು. ಚಪ್ಪಾಳೆ ಮಾತ್ರ ಕುದುರೆಗೆ.

"ಊರ ಮಂದಿಗೆಲ್ಲಾ ಪಿಚ್ಚರ್ ಮುಟ್ಟಿಸಿದೆ. ನಾ ಒಂದೂ ಪೂರಾ ನೋಡ್ಲಿಲ್ರಿ," ಎನ್ನುತ್ತಾರೆ. ಬಡಿಸುವವನಿಗೆ ಊಟವಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಒಮ್ಮೆ ಹಳೆಯದೊಂದು ಯುದ್ಧದ ಚಿತ್ರ ಮರಳಿ ಬಂತು. ವೈರಿಯ ಸೈನ್ಯ ಒಂದು ಹಳ್ಳಿಯ ಮೇಲೆ ಏರಿ ಬರುತ್ತದೆ. ಊರಿನವರು ಕೊಡಲಿ, ಕುಡುಗೋಲು ಹಿಡಿದು ಕಾಯುತ್ತಾರೆ. ಜನ ಅದನ್ನು 'ಲಡಾಯಿ ಪಿಚ್ಚರ್' ಎಂದೇ ಕರೆದರು. ಒಂದು ಮಧ್ಯಾಹ್ನ ಹೊಳೆಯಾಚೆಯ ಟಾಕೀಸಿನಲ್ಲಿ ಬಾಳೇಶ ಎಂಬ ಸಿಪಾಯಿ ಹೆಂಡತಿ ಶಂಕ್ರೆವ್ವನೊಂದಿಗೆ ಕೂತಿದ್ದ. ಮರುದಿನ ಅವನ ರಜೆ ಮುಗಿಯುವುದಿತ್ತು.

ಅಂದು ಈಚೆಯ ಟಾಕೀಸಿನಲ್ಲಿ ರೀಲು ಹರಿಯಿತು. ಅದನ್ನು ಅಂಟಿಸಿ, ಓಡಿಸಿ, ಕೊನೆಯ ಡಬ್ಬಿ ಕೈಗೆ ಬರುವಷ್ಟರಲ್ಲಿ ಪಾಳಿ ಬಿಡುವ ಸೈರನ್ ಆಗಿಬಿಟ್ಟಿತು. ಸೇತುವೆಯ ತುಂಬ ಎದುರಿನಿಂದ ಕಾರ್ಮಿಕರ ಸೈಕಲ್ಲುಗಳು. ಇರುವೆ ನುಸುಳುವಷ್ಟೂ ಸಂದಿಯಿಲ್ಲ. ಇಪ್ಪತ್ತರ ಹರೆಯದ ಪರಸಪ್ಪ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಕೂಗಿದರು, ಬೇಡಿಕೊಂಡರು. ಆಚೆ ಮುಟ್ಟಿದಾಗ ಜನ ಕುರ್ಚಿ ಮುರಿದು ಮನೆ ಸೇರಿದ್ದರು.

ಮರುದಿನ ಬಸ್ ನಿಲ್ದಾಣದಲ್ಲಿ, ಕಳಿಸಲು ಬಂದ ಶಂಕ್ರೆವ್ವನ ಜೊತೆ ನಿಂತಿದ್ದ ಬಾಳೇಶ ಪರಸಪ್ಪನನ್ನು ಗುರುತಿಸಿದ. "ತಮ್ಮಾ, ನೀ ಡಬ್ಬಿ ತರಾಂವ ಅಲ್ಲೇನು? ಕಡೀಕ ಆ ಊರು ಉಳೀತೋ ಇಲ್ಲೋ?"

"ನಾನೂ ನೋಡಿಲ್ಲ ಅನ್ನಾಕ ನಾಚಿಕಿ ಆತ್ರಿ," ಎಂದು ಪರಸಪ್ಪ ನೆನೆಯುತ್ತಾರೆ. "'ಉಳೀತ್ರಿ ಸಾಹೇಬ್ರ, ಒಂದು ಮನಿಗೂ ಕೈ ಹಚ್ಚಾಕ ಆಗಲಿಲ್ಲ ವೈರಿಗೆ' ಅಂದೆ. ಬೆನ್ನು ತಟ್ಟಿ ಬಸ್ ಹತ್ತಿದ್ರು."

ಬಾಳೇಶ ತಿರುಗಿ ಬರಲಿಲ್ಲ. ಆ ಚಳಿಗಾಲದಲ್ಲೇ ಗಡಿಯಿಂದ ಅವನ ಶವ ಬಂತು.

ಅಂದಿನಿಂದ ಪರಸಪ್ಪ ಆ ಚಿತ್ರದ ಕೊನೆ ನೋಡುವ ಗೋಜಿಗೆ ಹೋಗಲಿಲ್ಲ. ಊರು ಉಳಿಯದೇ ಹೋಗಿದ್ದರೆ? ಸಾಯಲು ಹೊರಟವನಿಗೆ ಸುಳ್ಳು ಹೇಳಿ ಕಳಿಸಿದಂತಾಯಿತಲ್ಲ! ಟಾಕೀಸುಗಳು ಮುಚ್ಚಿದವು, ಪೇಪರಿನ ಕೆಲಸ ಸಿಕ್ಕಿತು. ಶಂಕ್ರೆವ್ವನ ಮನೆಯೂ ಅವರ ದಾರಿಗೇ ಬಂತು. ಅಂಗಳಕ್ಕೆ ಪೇಪರ್ ಎಸೆದು, ತಲೆ ತಗ್ಗಿಸಿ, ಪೆಡಲು ತುಳಿದುಬಿಡುತ್ತಿದ್ದರು.

ಮೊನ್ನೆ ಭಾನುವಾರ ಶಂಕ್ರೆವ್ವ ಅಂಗಳದಲ್ಲೇ ತಡೆದರು. "ಒಳಗ ಬರ್ರಿ ಪರಸಪ್ಪ. ನಮ್ಮ ಸ್ವಪ್ನಾ ಟಿವಿಯೊಳಗ ಲಡಾಯಿ ಪಿಚ್ಚರ್ ಹಚ್ಯಾಳ." ಸ್ವಪ್ನಾ ಅವರ ಮೊಮ್ಮಗಳು. ಪರಸಪ್ಪ ಒಳಗೆ ಹೋಗಿ ಕೂತರು. ಕೊನೆಯ ಭಾಗ ಬರುತ್ತಿದ್ದಂತೆ ಕಾಲುಗಳು ತಾವಾಗಿಯೇ ಎದ್ದವು. ಶಂಕ್ರೆವ್ವ ಅಂಗಿಯ ಚುಂಗು ಹಿಡಿದು ಜಗ್ಗಿದರು. "ಕುಂದ್ರರಿ. ಇವತ್ತು ಯಾರಿಗೂ ಡಬ್ಬಿ ಮುಟ್ಟಿಸೂದಿಲ್ಲ."

ಊರು ಉಳಿಯಲಿಲ್ಲ. ವೈರಿಗೆ ಒಂದು ಕಾಳೂ ಸಿಗಬಾರದೆಂದು ಊರಿನವರೇ ತಮ್ಮ ಮನೆಗಳಿಗೆ ಕೊಳ್ಳಿ ಇಟ್ಟು ಅಡವಿ ಸೇರಿದರು. ಪರಸಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಅಕ್ಕಾರ, ನಾ ಅವರಿಗೆ ಸುಳ್ಳು ಹೇಳಿ ಕಳಿಸಿದೆ."

"ಅವರಿಗೆ ಗೊತ್ತಿತ್ತು," ಎಂದರು ಶಂಕ್ರೆವ್ವ. "ಬಸ್ಸಿನ ಕಿಡಕ್ಯಾಗಿಂದ ನನಗ ಅಂದ್ರು: 'ಶಂಕ್ರೀ, ಮಾರಿ ನೋಡಿದ್ರ ಗೊತ್ತಾಗತೈತಿ, ಆ ಹುಡುಗ ಪಿಚ್ಚರ್ ನೋಡೇ ಇಲ್ಲ. ಆದ್ರೂ ನನ್ನ ಸಲುವಾಗಿ ಊರು ಉಳಿಸಿದ ನೋಡು.' ನಕ್ಕೋತನ ಹೋದ್ರು."

ಇಂದು ಇದನ್ನೆಲ್ಲ ಹೇಳುವಾಗ ಪರಸಪ್ಪ ಆ ಮನೆಯ ಅಂಗಳದಲ್ಲೇ ನಿಂತಿದ್ದಾರೆ. ಒಳಗಿನಿಂದ ಚಹಾದ ವಾಸನೆ ಬರುತ್ತಿದೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೇಪರನ್ನು ಎಸೆಯದೆ ಕೈಯಲ್ಲೇ ಹಿಡಿದುಕೊಳ್ಳುತ್ತಾರೆ.

"ಇಷ್ಟು ವರ್ಷ ದಿನಾ ಈ ಅಂಗಳಕ್ಕ ಬಂದೇನ್ರಿ. ಒಂದಿನ ನಿಂತಿದ್ರ ಆಗ್ತಿತ್ತು."