ಗಾಳದ ರಾಟೆ ಮತ್ತು ಹೆಬ್ಬೆಟ್ಟು

ಇದು ನಡೆದದ್ದೋ, ನಾನೇ ಕಟ್ಟಿಕೊಂಡದ್ದೋ ಖಚಿತವಾಗಿ ಹೇಳಲಾರೆ. ಹೊನ್ನಾಳಿಯ ಹೊಳೆ. ಅಪ್ಪಾಜಿ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾರೆ. ಸೊಂಟದ ಸಂಚಿಯಿಂದ ಚಿಟಿಕೆ ವಿಭೂತಿ ತೆಗೆದು ಬಲಗೈ ಹೆಬ್ಬೆಟ್ಟಿಗೆ ತಿಕ್ಕಿಕೊಂಡು, ಗಾಳದ ಕೋಲನ್ನು ಹಿಂದಕ್ಕೆ ಒಯ್ದು ಬೀಸುತ್ತಾರೆ. ಕೋಲಿಗೆ ಬಿಗಿದ ದಾರದ ರಾಟೆ ಗುಂಯ್ ಎನ್ನುತ್ತದೆ. ನಾನು ಶಾಲೆ ಸೇರುವ ಮೊದಲೇ ಅವರು ತೀರಿಕೊಂಡರು. ಅವರ ಬಗ್ಗೆ ನನಗಿರುವ ನೆನಪು ಇದೊಂದೇ. ಅದೂ ನಿನ್ನದಲ್ಲ ಎನ್ನುತ್ತಾಳೆ ಅಕ್ಕ.

ರಾಟೆ ನ್ಯಾಮತಿಯಲ್ಲಿ ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು. ಹಿತ್ತಾಳೆಯದು, ಎರಡು ಗುಬಟಿನ ಹಿಡಿ. ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ ಇದಕ್ಕೂ ಒಂದು ಹನಿ ಬಿಡುತ್ತಿದ್ದಳಂತೆ. ನಮ್ಮದು ಮೀನಿನ ಹೆಸರೆತ್ತದ ಮನೆ. ಅಪ್ಪಾಜಿ ಹಿಡಿದದ್ದನ್ನು ತೆಪ್ಪದವನಿಗೆ ಕೊಟ್ಟು, ಹೊಳೆಯಲ್ಲೇ ಮಿಂದು ಮನೆಗೆ ಬರುತ್ತಿದ್ದರು.

"ನೀನೆಲ್ಲಿ ನೋಡಿದ್ದೀಯೋ?" ರಾಟೆಯನ್ನು ನನ್ನ ಕೈಗಿಡುತ್ತಾ ಅಕ್ಕ ಅಂದಳು. "ಆಗ ನೀನು ಜಗಳೂರಾಗೆ ಅಜ್ಜಿ ಹತ್ರ ಇದ್ದೆ. ನಾನು ಹೇಳಿದ್ದನ್ನೇ ಕಂಡೀನಿ ಅಂತೀಯ."

"ವಿಭೂತಿ ಹಚ್ಕೊಳ್ತಿದ್ದದ್ದು?"

"ಥೂ! ಈಬತ್ತಿ ಹಚ್ಚಿ ಯಾರಾದ್ರೂ ಮೀನು ಹಿಡೀತಾರೇನೋ? ಅದು ನಾ ಹೇಳಿದ್ದಲ್ಲ. ನಿನ್ನ ತಲೇಲಿ ಹುಟ್ಟಿದ್ದು."

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಮತ್ತೆ ಮತ್ತೆ ಕೇಳಿದ್ದು ಕ್ರಮೇಣ ಕಂಡದ್ದೇ ಆಗಿಬಿಡುತ್ತದೆ ಎಂದು ಬೇರೆಯವರಿಗೆ ಪಾಠ ಹೇಳಿದ್ದೇನೆ. ಅಕ್ಕನನ್ನು ಅಲ್ಲಗಳೆಯಲು ನನ್ನಲ್ಲಿ ಏನೂ ಇರಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಆ ನೆನಪು ಸುಳ್ಳಾದರೆ ನಾನು ಅಪ್ಪಾಜಿಯನ್ನು ನೋಡಿಯೇ ಇಲ್ಲವೆಂದಾಗುತ್ತಿತ್ತು.

ಚನ್ನಗಿರಿಯ ನನ್ನ ಮನೆ ಹಿಂದೆ ಕೊಯ್ಲಾದ ಗದ್ದೆ. ರಾಟೆಯನ್ನು ಬಿದಿರು ಕೋಲಿಗೆ ಬಿಗಿದು, ಕೊಕ್ಕೆಯ ಬದಲು ದಾರಕ್ಕೆ ಸೈಕಲ್ಲಿನ ನಟ್ಟು ಕಟ್ಟಿ ಬೀಸತೊಡಗಿದೆ. ಬೀಸಿದೊಡನೆ ರಾಟೆಯ ಉರುಳೆ ತಿರುಗುತ್ತದೆ; ನಟ್ಟು ನೆಲ ಮುಟ್ಟುವಾಗ ಅದನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿಯಬೇಕು. ತಡವಾದರೆ ದಾರ ಒಳಗೇ ಸಿಕ್ಕಾಗಿ ಗುಬ್ಬಿ ಗೂಡಾಗುತ್ತದೆ. ಬೇಗ ಒತ್ತಿದರೆ ನಟ್ಟು ಕಾಲ ಬುಡಕ್ಕೇ ಬೀಳುತ್ತದೆ. ನನ್ನ ಬೆವರಿದ ಬೆಟ್ಟು ಜಾರುತ್ತಲೇ ಇತ್ತು. ಒಮ್ಮೆ ನ್ಯಾಮತಿಯಿಂದ ಬಂದಿದ್ದ ಅಕ್ಕ ಬದುವಿನ ಮೇಲೆ ಕೂತು ನೋಡಿ ನಕ್ಕಳು.

"ಅಷ್ಟೆಲ್ಲಾ ಓದಿ ಈಗ ಹೆಬ್ಬೆಟ್ಟು ಒತ್ತಾಕೆ ಕಲೀತಿದ್ದೀಯಲ್ಲೋ ತಮ್ಮ!"

ನನಗೂ ನಗು ಬಂತು. ಅವಳು ಹೋದ ಮೇಲೆ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಬೆಟ್ಟಿಗೆ ತಿಕ್ಕಿಕೊಂಡೆ. ನಟ್ಟು ಗದ್ದೆಯ ಆಚೆ ಬದುವಿಗೆ ಹೋಗಿ ಮೆಲ್ಲಗೆ ಇಳಿಯಿತು. ದಾರ ಸಿಕ್ಕಾಗಲಿಲ್ಲ. ಬೆಟ್ಟನ್ನು ಮೂಸಿ ನೋಡಿದೆ. ಆದರೆ ಇದರಿಂದ ಗೊತ್ತಾಗುವುದೇನು? ಬೂದಿ ಯಾರ ಬೆವರನ್ನಾದರೂ ಹೀರುತ್ತದೆ.

ಬೈಕು ಹತ್ತಿ ಹೊನ್ನಾಳಿಗೆ ಹೋದೆ. ಅಪ್ಪಾಜಿಯ ಮೀನು ಒಯ್ಯುತ್ತಿದ್ದ ತೆಪ್ಪದವರು ಈಗ ಮುದುಕರು; ಮಗನ ಅಂಗಡಿಯ ಮುಂದೆ ಕೂತಿದ್ದರು. ಯಾರ ಮಗನೆಂದು ಹೇಳಿಕೊಂಡೆ. ವಿಭೂತಿಯ ಮಾತನ್ನು ಬೇಕೆಂದೇ ಎತ್ತಲಿಲ್ಲ.

"ಅಪ್ಪಾಜಿ ಗಾಳ ಹೆಂಗೆ ಬೀಸ್ತಿದ್ರು ಯಜಮಾನ್ರೆ?"

"ಮೊದ್ಲು ಬೆಟ್ಟಿಗೆ ಈಬತ್ತಿ, ಆಮ್ಯಾಲೆ ಬೀಸೋದು!" ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು. "ಮೀನಿಗೂ ದೀಕ್ಷೆ ಕೊಡ್ತಾರಪ್ಪ ಇವ್ರು ಅಂತ ನಾವು ಆಡ್ಕೊಳ್ತಿದ್ವಿ. ಮನ್ಯಾಗೆ ಮಾತ್ರ ಹೇಳಬ್ಯಾಡ್ರೋ ಅಂತಿದ್ರು."

"ಜೊತೆಗೆ ಒಂದು ಕೂಸು ಬರ್ತಿತ್ತಾ?"

ಅವರು ಹೊಳೆಯ ಕಡೆ ನೋಡಿದರು. "ಕೂಸಿನ ನೆಪ್ಪು ಇಲ್ಲ ಕಣ್ರಿ. ಸುಳ್ಳು ಯಾಕೆ ಹೇಳ್ಲಿ."

ನಾನು ಅಲ್ಲಿದ್ದೆನೋ ಇಲ್ಲವೋ ಎಂದು ಹೇಳುವವರು ಇನ್ನು ಯಾರೂ ಇಲ್ಲ. ಅಪ್ಪಾಜಿ ಬೆಟ್ಟಿಗೆ ವಿಭೂತಿ ತಿಕ್ಕಿಕೊಂಡೇ ಗಾಳ ಬೀಸುತ್ತಿದ್ದರು, ಮತ್ತು ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟನ್ನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.