ಬಣ್ಣದ ಕೆಸುವಿನ ಮೊದಲ ಚಳಿಗಾಲ

ನಾನು ಚಿಕ್ಕವಳಿದ್ದಾಗ, ನಮ್ಮೂರು ಮೊರಬದಲ್ಲಿ ಮನೆಯೊಳಗೆ ಗಿಡ ಸಾಕುತ್ತಾರೆಂದರೆ ಜನ ನಗುತ್ತಿದ್ದರು. ಹೊಲದಲ್ಲಿ ಜೋಳ, ಕಡಲೆ, ಹತ್ತಿ. ಹಿತ್ತಲಲ್ಲಿ ಒಂದು ತುಳಸಿ. ಅಷ್ಟು ಸಾಕಿತ್ತು. ಹೂವಿಲ್ಲದ, ಕಾಯಿಲ್ಲದ, ಬರೀ ಎಲೆಯ ಗಿಡವನ್ನು ಪಡಸಾಲೆಯಲ್ಲಿ ಇಟ್ಟುಕೊಂಡವಳು ನಮ್ಮ ಅವ್ವ ಒಬ್ಬಳೇ.

ಒಂದು ವರ್ಷ ನಾಗರ ಪಂಚಮಿಗೆ ಅವ್ವ ತನ್ನ ತವರು ಬಮ್ಮಿಗಟ್ಟಿಗೆ ಹೋಗಿದ್ದಳು. ಬರುವಾಗ ಉಂಡಿಯ ಡಬ್ಬಿಯ ಜೊತೆ ಒಂದು ಮಣ್ಣಿನ ಕುಂಡವನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಅದರಲ್ಲಿ ಆ ಕಡೆಯ ಕೆಮ್ಮಣ್ಣು, ಮೇಲೆ ಬಣ್ಣದ ಕೆಸು. ಅಂಗೈಗಿಂತ ದೊಡ್ಡ ಎಲೆ, ಹಸಿರಿನ ಮೇಲೆ ಗುಲಾಬಿ ಚುಕ್ಕೆ. "ಊಟಕ್ಕಿಲ್ಲದ ಉಪ್ಪಿನಕಾಯಿ," ಎಂದು ಅಪ್ಪ ಕಾಡಿಸಿದರು. ಅವ್ವ ಮಾತ್ರ ದಿನಾ ಮುಂಜಾನೆ ಒದ್ದೆ ಅರಿವೆಯಿಂದ ಎಲೆಯ ಧೂಳು ಒರೆಸಿ, ತಂಬಿಗೆಯಿಂದ ಸ್ವಲ್ಪವೇ ನೀರು ಹಾಕುತ್ತಿದ್ದಳು.

ದಸರೆಗೆ ಮೊದಲು ಅವ್ವನಿಗೆ ಜ್ವರ ಬಂತು. ಹುಬ್ಬಳ್ಳಿಯ ದವಾಖಾನೆಗೆ ಹೋದವಳು ಜೀವಂತ ತಿರುಗಿ ಬರಲಿಲ್ಲ. ಮಕ್ಕಳೇ, ಅದನ್ನು ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ಗಿಡವನ್ನು ನನ್ನ ಅಕ್ಕ ನೋಡಿಕೊಂಡಳು. ಆದರೆ ದೀಪಾವಳಿ ಕಳೆದು ಥಂಡಿ ಬೀಳುತ್ತಲೇ ಎಲೆಗಳು ಹಳದಿಯಾಗಿ ಒಂದೊಂದಾಗಿ ಬಾಗಿದವು. ಅಕ್ಕ ಊಟ ಬಿಟ್ಟಳು. ಆಗ ಅಪ್ಪ ಹೊಲಕ್ಕೆ ಹೋಗಿ, ಹೆಚ್ಚು ಬೆಳೆ ಕೊಡುವ ಪಟ್ಟಿಯಿಂದ ಕಪ್ಪು ಎರೆಮಣ್ಣು ಅಗೆದು ತಂದರು. ಹೆಂಟೆ ಒಡೆದು, ಜರಡಿ ಹಿಡಿದು, ಹಳೆಯ ಗೊಬ್ಬರ ಬೆರೆಸಿದರು. "ಕೆಮ್ಮಣ್ಣಾಗ ಏನೈತಿ? ನಮ್ಮ ಎರಿ ಮಣ್ಣಾಗ ಕಲ್ಲಿಟ್ಟರೂ ಚಿಗಿತೈತಿ," ಎಂದು ಗಿಡವನ್ನು ಅದರಲ್ಲಿ ನೆಟ್ಟರು. ಅಕ್ಕ ದಿನಾ ತಂಬಿಗೆ ತುಂಬ ನೀರು ಹಾಕಿದಳು. ಕೊನೆಯ ಎಲೆಯೂ ಬಿತ್ತು. ಆದರೂ ಹಾಕಿದಳು.

ಸಂಕ್ರಾಂತಿಯ ಹಿಂದಿನ ದಿನ ಆಯಿ, ಅಂದರೆ ಅವ್ವನ ತಾಯಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಳು. ಪಡಸಾಲೆಯಲ್ಲಿ ಕೂತವಳು ಬರಿದಾದ ಕುಂಡವನ್ನು ನೋಡಿದಳು, ಬೆರಳಿನಿಂದ ಮಣ್ಣು ಮುಟ್ಟಿದಳು.

"ಇದಕ್ಕ ನೀರ ಹಾಕೀರೇನಬೇ?"

"ದಿನಾ ಹಾಕೀನಿ, ಆಯಿ," ಎಂದಳು ಅಕ್ಕ. "ಆದ್ರೂ ಸತ್ತೋತು."

ಆಯಿ ಅಕ್ಕನನ್ನು ಹತ್ತಿರ ಕೂರಿಸಿಕೊಂಡಳು. "ಸತ್ತಿದ್ದಿಲ್ಲವ್ವಾ, ಮಲಗಿತ್ತು. ಥಂಡಿ ಬಂತಂದ್ರ ಎಲಿ ಎಲ್ಲಾ ಉದುರಿಸಿ ಗಡ್ಡಿಯೊಳಗ ಮಲಗತೈತಿ. ಆವಾಗ ನೀರು ಮುಟ್ಟಿಸಬಾರದು. ಮಳಿ ಬಂದ್ರ ತಾನ ಏಳತೈತಿ. ನಿಮ್ಮವ್ವಗ ಹೇಳೇ ಕೊಟ್ಟಿದ್ದೆ."

ಅಪ್ಪ ಕುಂಡವನ್ನು ಅಂಗಳಕ್ಕೆ ಒಯ್ದು ಬೋರಲು ಹಾಕಿದರು. ಹಾಕಿದ ನೀರನ್ನೆಲ್ಲ ಹಿಡಿದಿಟ್ಟುಕೊಂಡಿದ್ದ ಕಪ್ಪು ಮಣ್ಣು ಒಂದೇ ಮುದ್ದೆಯಾಗಿ ಬಿತ್ತು. ಒಡೆದರೆ ಕೊಳೆತ ವಾಸನೆ. ಗಡ್ಡೆ ಇದ್ದ ಜಾಗದಲ್ಲಿ ಕಂದು ಲೋಳೆ. ಅಕ್ಕ ಎರಡೂ ಕೈ ಹಾಕಿ ಆ ಕೆಸರನ್ನು ಹಿಸುಕಿ ಹಿಸುಕಿ ಹುಡುಕಿದಳು, ಎಲ್ಲಾದರೂ ಒಂದು ಗಟ್ಟಿ ಚೂರು ಸಿಕ್ಕೀತೆಂದು. ಸಿಗಲಿಲ್ಲ.

"ನಾ ಛಲೋ ಮಣ್ಣ ಹಾಕಿದ್ದೆನಲ್ರಿ," ಎಂದರು ಅಪ್ಪ. ಆಯಿಗೆ ಹೇಳಿದರೋ ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಬಿತ್ತಿದ್ದೆಲ್ಲ ಬೆಳೆಯುತ್ತಿದ್ದ ಕೈ ಅವರದು. ಸಂಜೆ ರೊಟ್ಟಿ ಮುರಿಯುವಾಗಲೂ ಅದೇ ಮಾತನ್ನು ಇನ್ನೊಮ್ಮೆ ಅಂದರು.

"ಮುಂದಿನ ಪಂಚಮಿಗೆ ಬಾ, ಇನ್ನೊಂದು ಗಡ್ಡಿ ಕೊಡ್ತೇನಿ," ಎಂದು ಆಯಿ ಅಕ್ಕನ ತಲೆ ಸವರಿದಳು.

"ಬ್ಯಾಡ. ಆ ಗಡ್ಡಿಗೆ ಅವ್ವ ನೀರ ಹಾಕಿಲ್ಲ," ಎಂದಳು ಅಕ್ಕ. ಆಮೇಲೆ ನಮ್ಮ ಪಡಸಾಲೆಗೆ ಯಾವ ಗಿಡವೂ ಬರಲಿಲ್ಲ.

ಈಗ ನಿಮ್ಮ ಮನೆಯಲ್ಲಿ ಟಿವಿಯ ಬಾಜು ಗಿಡ, ಬಚ್ಚಲಿನ ಕಿಟಕಿಯಲ್ಲೂ ಗಿಡ. ಹಗುರವಾದ ತೆಂಗಿನ ನಾರಿನ ಮಣ್ಣು ಚೀಲದಲ್ಲಿ ಬರುತ್ತದೆ. ಎಲೆ ಬಾಡಿದರೆ ಫೋನು ಹಿಡಿದು ಫೋಟೊ ತೆಗೆಯುತ್ತೀರಿ, ಗಿಡ ಮಲಗಿದೆಯೋ ಸತ್ತಿದೆಯೋ ಅದು ಕೂಡಲೇ ಹೇಳುತ್ತದೆ. ನಿಮಗೆ ಹೇಳುವವರು ಎಷ್ಟೊಂದು ಜನ ಇದ್ದಾರೆ, ಮಕ್ಕಳೇ. ನಮಗೆ ಹೇಳಬೇಕಾದವಳು ಒಬ್ಬಳೇ ಇದ್ದಳು, ಅವಳೇ ಇರಲಿಲ್ಲ.